ಕೈಕಾಲಿನ ಇಸಬು: ಮುಲಾಮು ಹಚ್ಚುವುದಕ್ಕೂ ಒಂದು ಕ್ರಮವಿದೆ

"ಮೂರು ದಿನ ಹಚ್ಚಿದೆ, ಹೋತು. ವಾರದಾಗ ಮತ್ತ ಬಂತು ನೋಡವಾ." ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಚಿಗವ್ವ ಅಂಗೈ ಮುಂದೆ ಹಿಡಿದಳು. ಬೆರಳ ತುದಿ ಬಿರಿದು, ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ಡಾಕ್ಟರು ಕೊಟ್ಟ ಮುಲಾಮು ಸರಿಯಾದದ್ದೇ. ಹಚ್ಚುವುದರಲ್ಲಿ ತಪ್ಪಿತ್ತು. ಈ ತಪ್ಪನ್ನು ಹುಬ್ಬಳ್ಳಿ, ಹಾವೇರಿಯ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮೊದಲು ಅದು ಇಸಬು ಹೌದೋ ಅಲ್ಲವೋ ಎಂದು ಚರ್ಮದ ಡಾಕ್ಟರಿಗೆ ತೋರಿಸಿ. ಎರಡೂ ಪಾದ, ಒಂದೇ ಅಂಗೈ ಸಿಪ್ಪೆ ಏಳುತ್ತಿದ್ದರೆ ಹುಳುಕಡ್ಡಿ ಇರಬಹುದು. ಸ್ಟೀರಾಯ್ಡ್ (ಉರಿ, ಕೆರೆತ ತಗ್ಗಿಸುವ ಔಷಧ), ಆಂಟಿಬಯೋಟಿಕ್, ಹುಳುಕಡ್ಡಿ ಔಷಧ ಮೂರೂ ಬೆರೆಸಿದ ಟ್ಯೂಬನ್ನು ಅಂಗಡಿಯಲ್ಲಿ ಕೇಳಿ ತರಲೇಬೇಡಿ. ಅದರಿಂದ ಕೆರೆತ ತಗ್ಗಿದಂತೆ ಕಂಡು ಹುಳುಕಡ್ಡಿ ಹರಡುತ್ತದೆ.

ಇನ್ನು ರಾತ್ರಿಯ ಕೆಲಸ. ಮುಸುರೆ ತಿಕ್ಕಿ ಮುಗಿದ ಮೇಲೆ ಉಗುರುಬೆಚ್ಚಗಿನ ಬರೀ ನೀರಿನಲ್ಲಿ ಕೈ 10 ನಿಮಿಷ ಅದ್ದಿಡಿ. ಸೋಪು, ಉಪ್ಪು ಯಾವುದೂ ಬೇಡ. ಹಳೆಯ ಅರಿವೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಹಸಿ ಆರುವ ಮೊದಲೇ, ಮೂರು ನಿಮಿಷದೊಳಗೆ, ಇಸಬು ಇರುವಲ್ಲಿ ಮುಲಾಮು ಹಚ್ಚಬೇಕು. ಅಂಗೈ ಅಂಗಾಲಿನ ಚರ್ಮ ದಪ್ಪ, ಒಣಗಿದ ಮೇಲೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಇಲ್ಲಿಗೆ ಬಿರುಸಾದ ಸ್ಟೀರಾಯ್ಡ್ ಬರೆಯುವುದೂ ಅದಕ್ಕೇ. ಅದನ್ನು ಮುಖಕ್ಕೆ ಮುಟ್ಟಿಸಬೇಡಿ. ಕ್ರೀಮಿಗಿಂತ ಜಿಡ್ಡಿನ ಮುಲಾಮೇ ಬರೆಸಿಕೊಳ್ಳಿ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಮಗ್ಗುಲಿಗೆ ಅಷ್ಟು ಸಾಕು, ಒಂದು ಪಾದಕ್ಕೆ ಅಂಥವು ಎರಡು. ಅರ್ಧ ಗಂಟೆ ಬಿಟ್ಟು ಮೇಲೆ ವ್ಯಾಸಲೀನ್ ಸವರಿ, ಕೈಗೆ ಹತ್ತಿಯ ಗವುಸು, ಕಾಲಿಗೆ ಕಾಲುಚೀಲ ಹಾಕಿ ಮಲಗಿ. ಬೇಗ ವಾಸಿಯಾಗಲೆಂದು ಪ್ಲಾಸ್ಟಿಕ್ ಚೀಲ ಸುತ್ತುವವರಿದ್ದಾರೆ. ಡಾಕ್ಟರು ಹೇಳದೆ ಹಾಗೆ ಮಾಡಿದರೆ ಚರ್ಮ ತೆಳುವಾಗುತ್ತದೆ.

ಕೆರೆತ ನಿಂತ ದಿನವೇ ಟ್ಯೂಬು ಎತ್ತಿಡಬೇಡಿ, ಚಿಗವ್ವ ಎಡವಿದ್ದು ಅಲ್ಲೇ. ಕಣ್ಣು ಮುಚ್ಚಿ ಹೆಬ್ಬೆರಳಿಂದ ಅಂಗೈ ಸವರಿ ನೋಡಿ. ಎಲ್ಲೂ ದಡಸು ಹತ್ತಬಾರದು. ಆಮೇಲೆ ಡಾಕ್ಟರು ಹೇಳಿದಂತೆ ದಿನ ಬಿಟ್ಟು ದಿನ, ವಾರಕ್ಕೆರಡು ಸಲ ಎಂದು ಇಳಿಸಿ. ವ್ಯಾಸಲೀನ್ ಮಾತ್ರ ಬಿಡಬೇಡಿ.

ಹಗಲು ಉಂಗುರ ತೆಗೆದಿಡಿ. ಪಾತ್ರೆ, ಬಟ್ಟೆಗೆ ಹತ್ತಿ ಗವುಸಿನ ಮೇಲೆ ರಬ್ಬರ್ ಗವುಸು. ಬೆಳ್ಳುಳ್ಳಿ ಬೇರೆಯವರು ಸುಲಿಯಲಿ.

ಇಷ್ಟಾದರೂ ಮರುಕಳಿಸಿದರೆ ಪ್ಯಾಚ್ ಟೆಸ್ಟ್ ಕೇಳಿ: ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸಿ, ಸಿಮೆಂಟಿನ ಕ್ರೋಮಿಯಂ ಆಗಿಬರುವುದಿಲ್ಲವೋ, ರಬ್ಬರೋ ಎಂದು ನೋಡುತ್ತಾರೆ. ಕೀವು ತುಂಬಿದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.