ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಇಂದಿನ ಫೋನ್ ಲೈನಿಗೆ ಹೊಂದಿಸುವ ಕ್ರಮ

ಚಿಕ್ಕಮಗಳೂರಿನ ಕಾಫಿ ವ್ಯಾಪಾರದ ಕಚೇರಿಗಳಲ್ಲಿ ಮೂರು ಲೈನು, ಎಂಟು ಎಕ್ಸ್‌ಟೆನ್ಷನ್‌ಗಳ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಗಳು ಇಂದಿಗೂ ಗೋಡೆಯ ಮೇಲಿವೆ. ಹೊರಗಿನ ಕೆಲವೇ ಲೈನುಗಳನ್ನು ಕಚೇರಿಯೊಳಗಿನ ಹಲವು ಫೋನುಗಳಿಗೆ, ಅಂದರೆ ಎಕ್ಸ್‌ಟೆನ್ಷನ್‌ಗಳಿಗೆ, ಹಂಚಿಕೊಡುವ ಪೆಟ್ಟಿಗೆ ಇದು. ಮಾಲೀಕರ ಕೋಣೆಯಿಂದ ವೇಬ್ರಿಡ್ಜಿಗೆ (ಲಾರಿ ತೂಗುವ ಕಟ್ಟೆಗೆ), ವೇಬ್ರಿಡ್ಜಿನಿಂದ ಕಣಕ್ಕೆ ಖರ್ಚಿಲ್ಲದೆ ಮಾತನಾಡಲು ಅದು ಒಳ್ಳೆಯ ಏರ್ಪಾಡು. ಮೊಬೈಲಿಗೆ ಕರೆ ಹೋಗುತ್ತಿಲ್ಲ, ಲೈನು ಸುಮ್ಮನೆ ಎಂಗೇಜ್ ಆಗಿ ಕೂರುತ್ತದೆ ಎಂಬ ದೂರು ಬಂದ ಕೂಡಲೇ ಅದನ್ನು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಏಕೆಂದರೆ ಹೆಚ್ಚಿನ ಸಲ ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಒಳಗಿನ ಸೆಟ್ಟಿಂಗ್‌ಗಳು ಮಾತ್ರ ಎಸ್‌ಟಿಡಿ (ಬೇರೆ ಊರಿನ ಕರೆ) ದುಬಾರಿಯಾಗಿದ್ದ ಕಾಲದವಾಗಿರುತ್ತವೆ.

ಮೊದಲು ಒಂದು ನೋಟ್‌ಬುಕ್ಕು ಬೇಕು. ಪೆಟ್ಟಿಗೆಯ ಮಾಡೆಲ್ ಸಂಖ್ಯೆ, ಯಾವ ಎಕ್ಸ್‌ಟೆನ್ಷನ್ ಯಾವ ಮೇಜಿನಲ್ಲಿದೆ, ಹೊರಗಿನಿಂದ ಕರೆ ಬಂದರೆ ಯಾವ ಫೋನು ಮೊದಲು ರಿಂಗಾಗುತ್ತದೆ, ಯಾವುದರಿಂದ ಹೊರಗೆ ಕರೆ ಹೋಗುತ್ತದೆ ಎಂಬುದನ್ನೆಲ್ಲ ಒಂದೊಂದೇ ಫೋನಿನಿಂದ ಡಯಲ್ ಮಾಡಿ ನೋಡಿ ಬರೆದುಕೊಳ್ಳಬೇಕು. ಇದನ್ನು ಮಾಡದೆ ನಾನೊಮ್ಮೆ ಒಂದು ಕಚೇರಿಯಲ್ಲಿ ಧೂಳು ಒರೆಸಲೆಂದು ಪೆಟ್ಟಿಗೆಯ ಸ್ವಿಚ್ ಆರಿಸಿದೆ. ಮತ್ತೆ ಹಾಕಿದಾಗ ಎಲ್ಲ ಸೆಟ್ಟಿಂಗೂ ಅಳಿಸಿಹೋಗಿತ್ತು. ಮುಚ್ಚಳ ತೆಗೆದು ನೋಡಿದರೆ ನೆನಪು ಉಳಿಸುವ ಪುಟ್ಟ ಬ್ಯಾಟರಿ ಸೋರಿ, ಅದರ ಕಾಲುಗಳ ಸುತ್ತ ಹಸಿರು ಕಿಲುಬು ಹರಡಿ, ಪಕ್ಕದ ತಾಮ್ರದ ಎಳೆಯನ್ನೂ ತಿಂದುಹಾಕಿತ್ತು. ಹಳೆಯ ಬೋರ್ಡುಗಳಿಗೆ ಬೆಸುಗೆ ಹಾಕಿರುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಹಣೆಬರಹವೇ ಅದು. ಆದ್ದರಿಂದ ಎಲ್ಲವನ್ನೂ ಬರೆದುಕೊಂಡ ಮೇಲೆಯೇ ಸ್ವಿಚ್ ಆರಿಸಿ, ಬ್ಯಾಟರಿ ಬದಲಿಸಬೇಕು.

ಆಮೇಲೆ ಲೈನನ್ನು ಪರೀಕ್ಷಿಸಬೇಕು. ತಾಮ್ರದ ಲೈನಿನಲ್ಲಿ ರಿಸೀವರ್ ಇಟ್ಟಿರುವಾಗ ಮಲ್ಟಿಮೀಟರ್ ಸುಮಾರು 48 ವೋಲ್ಟ್ ಡಿಸಿ ತೋರಿಸುತ್ತದೆ, ಎತ್ತಿದಾಗ ಅದು ಹತ್ತರ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ರಿಂಗಾಗುವಾಗ ಸುಮಾರು 75 ವೋಲ್ಟ್ ಎಸಿ ಹರಿಯುವುದರಿಂದ ಬರಿಗೈಯಲ್ಲಿ ತಂತಿ ಹಿಡಿಯಬಾರದು. ಫೈಬರ್ ಬಂದಿರುವಲ್ಲಿ ಮೋಡೆಮ್ ಪೆಟ್ಟಿಗೆಯ ಫೋನ್ ಪೋರ್ಟಿನಿಂದ ಇಪಿಎಬಿಎಕ್ಸ್‌ನ ಟ್ರಂಕ್ ಪೋರ್ಟಿಗೆ (ಹೊರಗಿನ ಲೈನು ಸೇರುವ ಜಾಗಕ್ಕೆ) ತಂತಿ ಎಳೆದರಾಯಿತು.

ಪ್ರೋಗ್ರಾಮಿಂಗನ್ನು ಸಾಮಾನ್ಯವಾಗಿ ನಿಗದಿಯಾದ ಒಂದು ಎಕ್ಸ್‌ಟೆನ್ಷನ್ನಿನಿಂದ ಮಾಡಬೇಕಾಗುತ್ತದೆ. ಆ ಫೋನಿನ ತಳದಲ್ಲಿರುವ ಟೋನ್, ಪಲ್ಸ್ ಸ್ವಿಚ್ಚು ಟೋನ್ ಕಡೆಗಿರಲಿ. ಕೋಡುಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಆಯಾ ಮಾಡೆಲ್‌ನ ಕೈಪಿಡಿಯನ್ನೇ ಅನುಸರಿಸಬೇಕು. ಬೇರೆ ಪೆಟ್ಟಿಗೆಯ ಕೋಡನ್ನು ಊಹೆಯ ಮೇಲೆ ಒತ್ತಿದರೆ ಇದ್ದ ಸೆಟ್ಟಿಂಗೂ ಕೆಡಬಹುದು. ಒಂದು ಬದಲಾವಣೆ ಮಾಡಿ, ಒಂದು ಕರೆ ಮಾಡಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುವುದು ಕ್ಷೇಮ.

ಈಗ ಸೊನ್ನೆಯ ವಿಷಯ. ಹಿಂದೆ ಎಸ್‌ಟಿಡಿ ಕರೆ ತಡೆಯಲು ಎಕ್ಸ್‌ಟೆನ್ಷನ್‌ಗಳಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳನ್ನೆಲ್ಲ ಬಂದ್ ಮಾಡುತ್ತಿದ್ದರು. ಆದರೆ 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡಬೇಕಾದರೂ ಮುಂದೆ ಸೊನ್ನೆ ಸೇರಿಸುವುದು ಕಡ್ಡಾಯವಾಗಿದೆ. ಹಾಗಾಗಿ ಹಳೆಯ ತಡೆ ಈಗ ಎದುರು ಬೀದಿಯ ಮೊಬೈಲಿಗೂ ಅಡ್ಡ ಬರುತ್ತದೆ. ಮೊಬೈಲನ್ನು ಬಿಟ್ಟು ಎಸ್‌ಟಿಡಿಯನ್ನಷ್ಟೇ ತಡೆಯೋಣವೆಂದರೆ ಅದೂ ಸುಲಭವಲ್ಲ: ಚಿಕ್ಕಮಗಳೂರಿನ ಕೋಡು 08262, ಹಾಸನದ್ದು 08172, ಬೆಂಗಳೂರಿನದ್ದು 080, 8ರಿಂದ ಶುರುವಾಗುವ ಮೊಬೈಲಿಗೂ ಸೊನ್ನೆ ಸೇರಿದರೆ ಮೊದಲ ಅಂಕಿಗಳು ಅವೇ, ಒಟ್ಟು ಅಂಕಿಗಳೂ ಎರಡರಲ್ಲಿಯೂ ಹನ್ನೊಂದೇ. ಆದ್ದರಿಂದ ನನ್ನ ಸಲಹೆಯೆಂದರೆ, ಹೊರಗಿನ ಕರೆ ಬೇಕಾದ ಫೋನುಗಳಲ್ಲಿ ವಿದೇಶಿ ಕರೆಯ 00 ಒಂದನ್ನೇ ತಡೆದು ಉಳಿದದ್ದನ್ನು ಬಿಟ್ಟುಬಿಡಬೇಕು. ಕಣದ ಫೋನಿನಂತೆ ಎಲ್ಲರ ಕೈಗೆ ಸಿಗುವುದಕ್ಕೆ ಒಳಗಿನ ಕರೆ ಮತ್ತು 112, 108 ಇಷ್ಟನ್ನೇ ಕೊಡಬೇಕು. ಇಲ್ಲೊಂದು ಗೊಂದಲವಿದೆ. ಲೈನು ಹಿಡಿಯಲು ಸೊನ್ನೆ ಒತ್ತುವ ಪೆಟ್ಟಿಗೆಗಳಲ್ಲಿ ಮೊಬೈಲಿಗೆ ಎರಡು ಸೊನ್ನೆ, ವಿದೇಶಕ್ಕೆ ಮೂರು ಸೊನ್ನೆ ಒತ್ತಬೇಕಾಗುತ್ತದೆ. ತಡೆಯ ಪಟ್ಟಿಯಲ್ಲಿ ಆ ಮೊದಲ ಸೊನ್ನೆಯನ್ನು ಎಣಿಸಬೇಕೋ ಬೇಡವೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ತುಂಬಬೇಕು. ತುರ್ತು ಕರೆಗೂ ಮುಂದೆ ಸೊನ್ನೆ ಬೇಕಾಗುವುದಾದರೆ ಅದನ್ನು ಪ್ರತಿ ಫೋನಿನ ಮೇಲೆ ಚೀಟಿ ಬರೆದು ಅಂಟಿಸಬೇಕು, ಏಕೆಂದರೆ ಗಾಬರಿಯಲ್ಲಿ ಯಾರಿಗೂ ಅದು ನೆನಪಾಗುವುದಿಲ್ಲ.

ಒಳಬರುವ ಕರೆಗಳನ್ನು ವ್ಯಾಪಾರದ ಹಂಗಾಮು ನೋಡಿ ಹೊಂದಿಸಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ಕುಯ್ಲಿನ ದಿನಗಳಲ್ಲಿ ಬೆಳೆಗಾರರು ಐವತ್ತು ಕೆಜಿ ಮೂಟೆಯ ಇಂದಿನ ರೇಟು ಕೇಳಲು ಬೆಳಗಿನಿಂದಲೇ ಫೋನು ಮಾಡುತ್ತಾರೆ. ಕರೆ ಮೊದಲು ಲೆಕ್ಕಪತ್ರದ ಮೇಜಿಗೆ ಬಂದು, ನಾಲ್ಕೈದು ರಿಂಗಿನಲ್ಲಿ ಎತ್ತದಿದ್ದರೆ ವೇಬ್ರಿಡ್ಜಿನ ಗುಮಾಸ್ತರಿಗೆ ಹೋಗುವಂತೆ ಮಾಡಿದರೆ ಒಂದು ಕರೆಯೂ ವ್ಯರ್ಥವಾಗುವುದಿಲ್ಲ. ಕರೆ ವರ್ಗಾಯಿಸುವಾಗ ಲೈನು ಕಡಿದುಹೋಗುತ್ತಿದ್ದರೆ ಫೋನಿನ ಫ್ಲ್ಯಾಶ್ ಬಟನ್ನಿನ ಅವಧಿಗೂ ಪೆಟ್ಟಿಗೆ ನಿರೀಕ್ಷಿಸುವ ಅವಧಿಗೂ ಹೊಂದಾಣಿಕೆ ಇಲ್ಲವೆಂದು ತಿಳಿಯಬೇಕು. ಅನೇಕ ಫೋನುಗಳಲ್ಲಿ ಅದು 100 ಅಥವಾ 600 ಮಿಲಿಸೆಕೆಂಡು ಇರುತ್ತದೆ.

ಫೈಬರಿಗೆ ಬದಲಾದ ಮೇಲೆ ಎರಡು ತೊಂದರೆ ಹೆಚ್ಚಾಗಿ ಕಾಣುತ್ತವೆ. ಆಚೆಯವರು ಫೋನಿಟ್ಟದ್ದು ಪೆಟ್ಟಿಗೆಗೆ ತಿಳಿಯದೆ ಲೈನು ಹಿಡಿದುಕೊಂಡೇ ಉಳಿಯುವುದು ಒಂದು. ಅದಕ್ಕೆ ಎಂಗೇಜ್ ಸದ್ದನ್ನು (ಬ್ಯುಸಿ ಟೋನ್) ಗುರುತಿಸುವ ಸೆಟ್ಟಿಂಗನ್ನು ಚಾಲೂ ಮಾಡಬೇಕು. ಕರೆಂಟು ಹೋದಾಗ ಎಲ್ಲವೂ ನಿಲ್ಲುವುದು ಇನ್ನೊಂದು. ತಾಮ್ರದ ಲೈನು ತನ್ನ ವಿದ್ಯುತ್ತನ್ನು ಎಕ್ಸ್‌ಚೇಂಜಿನಿಂದಲೇ ತರುತ್ತಿತ್ತು, ಫೈಬರ್ ತರುವುದಿಲ್ಲ. ಇಪಿಎಬಿಎಕ್ಸ್ ಒಂದಕ್ಕೇ ಯುಪಿಎಸ್ ಕೊಟ್ಟು ಮೋಡೆಮನ್ನು ಮರೆತರೆ ಒಳಗಿನ ಮಾತು ನಡೆದೀತೇ ಹೊರತು ಹೊರಗಿನ ಕರೆ ಬಾರದು.

ಫೈಬರ್ ಸಿಡಿಲನ್ನು ಒಯ್ಯುವುದಿಲ್ಲವೆಂಬುದು ನಿಜ. ಆದರೆ ಕಚೇರಿಯಿಂದ ಕಣಕ್ಕೆ ಕಂಬದ ಮೇಲೆ ಎಳೆದಿರುವ ಎಕ್ಸ್‌ಟೆನ್ಷನ್ ತಂತಿ ತಾಮ್ರದ್ದೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪೆಟ್ಟಿಗೆಯೊಳಗಿನ ಕಾರ್ಡು ಸುಟ್ಟುಹೋಗುವುದು ಆ ದಾರಿಯಿಂದ. ಆದ್ದರಿಂದ ಆ ಜೋಡಿಗೆ ಸಿಡಿಲು ತಡೆಯುವ ಗ್ಯಾಸ್ ಟ್ಯೂಬು ಹಾಕಿಸಿ, ಅರ್ತಿಂಗ್ ತಂತಿ ಬಿಗಿಯಾಗಿದೆಯೇ ಎಂದು ಯುಗಾದಿಯೊಳಗೆ ನೋಡಿಸಬೇಕು.

ಕೊನೆಗೆ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಬೇಕು. ಹೊರಗಿನಿಂದ ಕರೆ ಮಾಡಿದವರು ಪೆಟ್ಟಿಗೆಯ ಮೂಲಕ ಇನ್ನೊಂದು ಲೈನು ಹಿಡಿಯುವ ಸೌಲಭ್ಯವಿದ್ದರೆ ಅದನ್ನು ಮುಚ್ಚಬೇಕು, ಇಲ್ಲದಿದ್ದರೆ ಅಪರಿಚಿತರ ಕರೆಗೆ ಬಿಲ್ಲು ಕಟ್ಟಬೇಕಾದೀತು. ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ಬದಲಿಸಿದ ಕೋಡುಗಳನ್ನೂ ತಾರೀಖಿನೊಡನೆ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ, ಹೊಸ ಪಾಸ್‌ವರ್ಡನ್ನು ಮಾತ್ರ ಮಾಲೀಕರ ಕೈಗೆ ಬೇರೆ ಚೀಟಿಯಲ್ಲಿ ಕೊಡಬೇಕು.