ಹಳೇ ಸ್ಲಾಟ್ ಮೆಷಿನ್ ಕೊಳ್ಳುವ ಮುನ್ನ ಸ್ಕ್ರೂ ನೋಡಿ

ಹಳೇ ಮೆಕ್ಯಾನಿಕಲ್ ಸ್ಲಾಟ್ ಮೆಷಿನ್, ಅಂದರೆ ನಾಣ್ಯ ಹಾಕಿ ಹ್ಯಾಂಡಲ್ ಎಳೆದು ಆಡುವ ಜೂಜಿನ ಯಂತ್ರ, ಸಿಕ್ಕಿದರೆ ಮುಂಭಾಗದ ಹೊಳಪಿಗೆ ಮರುಳಾಗಬೇಡಿ. ಹಿಂದಿನ ಬಾಗಿಲು ತೆಗೆಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ. 1910ರ ಮಾಲು ಅನ್ನುತ್ತಾರೆ, ಆದರೆ ಒಳಗೆಲ್ಲ ಪ್ಲಸ್ ತಲೆಯ ಸ್ಕ್ರೂಗಳೇ ಇದ್ದರೆ ಅನುಮಾನ ಪಡಲೇಬೇಕು. ಆ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ! ರಿಪೇರಿಯಲ್ಲಿ ಒಂದೆರಡು ಬದಲಾಗಿದ್ದರೆ ಅದು ಬೇರೆ ಮಾತು.

ಷಿಕಾಗೋದ ಮಿಲ್ಸ್ ಕಂಪನಿಯದ್ದಾದರೆ ಪೆಟ್ಟಿಗೆಯ ನಂಬರನ್ನೂ ಒಳಗಿನ ಯಂತ್ರದ ನಂಬರನ್ನೂ ತಾಳೆ ಹಾಕಿ. ಬೇರೆ ಬೇರೆ ಇದ್ದರೆ ಎರಡು ಮೆಷಿನ್ ಸೇರಿಸಿ ಒಂದು ಮಾಡಿರಬಹುದು. ರೀಲಿನ (ಚಿತ್ರಗಳಿರುವ ತಿರುಗುವ ಚಕ್ರದ) ಕಾಗದ ತೀರಾ ಬೆಳ್ಳಗಿದೆಯಾ? ಅದು ಈಚೆಗೆ ಅಂಟಿಸಿದ್ದು ಇರಬಹುದು.

ಹ್ಯಾಂಡಲ್ ಬಿಗಿಯಾಗಿದ್ದರೆ ದಯವಿಟ್ಟು ಜೋರಾಗಿ ಎಳೆಯಬೇಡಿ. ಹಳೇ ಗ್ರೀಸ್ ಗಟ್ಟಿಯಾಗಿ ಹಿಡಿದಿರುತ್ತದೆ, ಸುಮ್ನೆ ಒಳಗಿನ ಗೇರಿನ ಹಲ್ಲು ಮುರಿಯುತ್ತದೆ. ಅಮೆರಿಕದಲ್ಲಿ ಕೊಳ್ಳುವವರು ಇಂಥ ಮೆಷಿನ್ ಇಟ್ಟುಕೊಳ್ಳುವ ಬಗ್ಗೆ ತಮ್ಮ ರಾಜ್ಯದ ಕಾನೂನನ್ನೂ ಮೊದಲೇ ನೋಡಿಕೊಳ್ಳಿ.