ಫಲಕಕ್ಕಿಂತ ಮೊದಲು ಬಾವಿ

ಸೌರಶಕ್ತಿಯ ನೀರಿನ ಯೋಜನೆ ಹಿಡಿದು ನನ್ನ ಬಳಿ ಬರುವ ವಿದ್ಯಾರ್ಥಿ ತಂಡಗಳು ಮೊದಲು ಬಿಚ್ಚುವುದು ಫಲಕಗಳ ನಕ್ಷೆಯನ್ನು. ಅದನ್ನು ಮಡಚಿಡಿ, ಬಾವಿಯ ಲೆಕ್ಕ ತನ್ನಿ ಎನ್ನುತ್ತೇನೆ.

ಬೇಸಿಗೆಯ ಕೊನೆಯಲ್ಲಿ, ಅಂತರ್ಜಲ ತೀರಾ ಕೆಳಗಿರುವಾಗ, ಕೊಳವೆಬಾವಿಯ ಇಳುವರಿ ಪರೀಕ್ಷಿಸಿ. ಪಂಪ್ ಓಡುತ್ತಿರುವಾಗ ನೀರು ಎಲ್ಲಿಯವರೆಗೆ ಇಳಿದು ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಎತ್ತರದ ಲೆಕ್ಕ ಅಲ್ಲಿಂದಲೇ ಶುರು. ನೀರಿನ ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಅಲ್ಲಿಗೇ ನಿಲ್ಲಿ, ಬೇರೆ ಮೂಲ ಹುಡುಕಿ.

ಇನ್ನು ಲೆಕ್ಕ. ಒಂದು ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 2.7 ವ್ಯಾಟ್-ಗಂಟೆ ಸಾಕು. 500 ಜನರಿಗೆ ತಲಾ 20 ಲೀಟರ್ ಎಂದರೆ ದಿನಕ್ಕೆ 10,000 ಲೀಟರ್. ಇಳಿದ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಯವರೆಗೆ, ಕೊಳವೆಯೊಳಗಿನ ಘರ್ಷಣೆಯೂ ಸೇರಿ 50 ಮೀಟರ್ ಎಂದಿಟ್ಟುಕೊಳ್ಳಿ: ಸುಮಾರು 1.4 ಕಿಲೋವ್ಯಾಟ್-ಗಂಟೆ. ಪಂಪು, ಮೋಟಾರು ಸೇರಿ ಶೇಕಡಾ 40ರಷ್ಟು ದಕ್ಷತೆ ಕೊಟ್ಟರೆ ಬೇಕಾದದ್ದು 3.4. ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲು ಸಿಗುವಲ್ಲಿ 680 ವ್ಯಾಟ್ ಫಲಕ. ಧೂಳು, ಕಾವಿನ ನಷ್ಟಕ್ಕೆಂದು 900 ಮಾಡಿ. ಕಾವು ಹೆಚ್ಚಿದಷ್ಟೂ ಫಲಕದ ಕಸುವು ಹೆಚ್ಚುತ್ತದೆಂದು ನಂಬಿದವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಬೆಳಕು ಬೇಕು ನಿಜ, ಆದರೆ ಫಲಕ ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. ಹಾಗಾಗಿ ಫಲಕದ ಹಿಂದೆ ಗಾಳಿಯಾಡಲು ಜಾಗ ಬಿಡಿ.

ಬ್ಯಾಟರಿ ಬೇಡ. ಆ ಹಣವನ್ನು ಟ್ಯಾಂಕಿಗೆ ಹಾಕಿ, ಎರಡು ಮೂರು ದಿನದ ನೀರು ನಿಲ್ಲಲಿ. ಮೋಡ ಕವಿದ ದಿನಗಳಿಗೆ ಅದೇ ಆಸರೆ. ಬಾವಿ ಬತ್ತಿದಾಗ ಪಂಪ್ ತಾನೇ ನಿಲ್ಲುವ ವ್ಯವಸ್ಥೆಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ನಲ್ಲಿ ಎಲ್ಲಿರಬೇಕೆಂಬುದನ್ನು ಕೊಡ ಹೊರುವವರೇ ಹೇಳಲಿ, ಊರಿನ ಮುಖಂಡರಲ್ಲ. ನೀವು ಪದವಿ ಪಡೆದು ಹೋಗುತ್ತೀರಿ, ಪಂಪ್ ಉಳಿಯುತ್ತದೆ. ಆದ್ದರಿಂದ ಜೋಡಣೆ ಶುರುವಾಗುವ ಮೊದಲೇ ಊರಿನ ಇಬ್ಬರನ್ನು ಗೊತ್ತುಮಾಡಿ, ಪ್ರತಿ ತಂತಿಯನ್ನೂ ಅವರ ಕೈಯಲ್ಲೇ ಜೋಡಿಸಿ. ಮನೆಗೊಂದಿಷ್ಟು ಎಂದು ತಿಂಗಳ ವಂತಿಗೆಯನ್ನು ಊರಿನವರು ಸಭೆಯಲ್ಲೇ ತೀರ್ಮಾನಿಸಲಿ. ಪಂಪು, ನಿಯಂತ್ರಕಗಳ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಆ ಇಬ್ಬರನ್ನೇ ಕಳುಹಿಸಿ ವಿಚಾರಿಸಿ. ಸಿಗದಿದ್ದರೆ ಮಾದರಿ ಬದಲಿಸಿ.